ಕಣ್ಣು ಮುಚ್ಚಿ ತುಂಬಿದ ಆರು ಗುಂಡು

ಮಾರ್ಚ್ ೩, ಸೋಮವಾರ

ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ, ಹೊಟ್ಟೆ ತುಂಬ ಉಂಡು, ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಕುಳಿತು ನಾನು ತಪ್ಪೊಪ್ಪಿಕೊಳ್ಳುವುದೇನೆಂದರೆ: ಈ ದಿನ ನಾನು ಕಳ್ಳತನ ಮಾಡಿದ್ದೇನೆ. ಕದ್ದ ಮಾಲು, ಐದು ಖಾಲಿ ತೋಟಾ. ಸಾಗಿಸಿದ ವಾಹನ, ಊಟದ ಡಬ್ಬಿ. ಪ್ರತ್ಯಕ್ಷ ಸಾಕ್ಷಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಎರಡು ಅಗುಳು. ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಬುದ್ಧಿ ನೆಟ್ಟಗಿರುವವರು ಯಾರೂ ಕದಿಯುವುದಿಲ್ಲ. ಆದ್ದರಿಂದ ಈ ಕಲೆಯಲ್ಲಿ ನಾನೇ ಆದಿಕವಿ.

ಇಪ್ಪತ್ತೆರಡು ವರ್ಷದಿಂದ ನಾನು ಈ ಕಾವಲು ಸಂಸ್ಥೆಯ ಆಯುಧದ ಕೋಣೆಯ ಉಸ್ತುವಾರಿ. ಸಂಸ್ಥೆ ಕಾರ್ಖಾನೆಗಳಿಗೂ ಗೋದಾಮುಗಳಿಗೂ ಕಾವಲುಗಾರರನ್ನು ಒದಗಿಸುತ್ತದೆ. ನಾನು ಕಾವಲುಗಾರರಿಗೆ ರಿವಾಲ್ವರ್ ಒದಗಿಸುತ್ತೇನೆ. ಒರೆಸಿ, ಎಣ್ಣೆ ಹಾಕಿ, ಬೆಳಗ್ಗೆ ಕೊಟ್ಟು ಸಂಜೆ ಇಸಿದುಕೊಳ್ಳುತ್ತೇನೆ. ತೋಟಕ್ಕೊಬ್ಬ ಮಾಲಿ ಇರುವ ಹಾಗೆ ನಾನು ತೋಟಾಗಳ ಮಾಲಿ. ನನ್ನ ಹೆಸರುವಾಸಿ ವಿದ್ಯೆಯೊಂದಿದೆ. ಕಣ್ಣು ಮುಚ್ಚಿ ಅಂಗೈಯಲ್ಲಿ ತೂಗಿ ಯಾವ ತೋಟಾ ಯಾವುದೆಂದು ಹೇಳಬಲ್ಲೆ. ಕಣ್ಣು ಮುಚ್ಚಿಯೇ ರಿವಾಲ್ವರಿನ ಆರು ಗೂಡಿಗೆ ಆರನ್ನು ತುಂಬಬಲ್ಲೆ. ಹೊಸದಾಗಿ ಸೇರಿದವರು ಬಾಯಿ ತೆರೆದು ನೋಡುತ್ತಾರೆ. ನನ್ನ ಕಣ್ಣು, ಅವರ ಬಾಯಿ. ಒಂದು ಮುಚ್ಚಿದಾಗ ಇನ್ನೊಂದು ತೆರೆಯುತ್ತದೆ.

ಇವತ್ತು ವರ್ಷದ ಗುಂಡಿನ ಪರೀಕ್ಷೆ. ಹದಿನೈದು ಹೆಜ್ಜೆ ದೂರದ ಹಲಗೆಗೆ ಆರು ಗುಂಡು. ನಾಲ್ಕಾದರೂ ಕಪ್ಪು ವೃತ್ತದೊಳಗೆ ಬೀಳಬೇಕು. ಹೊಸ ಮೇಲಧಿಕಾರಿ ಬಂದಿದ್ದರು. ಬಾಯಿ ಬಿಟ್ಟರೆ ನಿಯಮದ ಸಂಖ್ಯೆಗಳೇ ಉದುರುವುದರಿಂದ ಅವರಿಗೆ ಸುತ್ತೋಲೆ ಎಂದು ಹೆಸರಿಟ್ಟಿದ್ದೇನೆ.

"ಕಣ್ಣು ಮುಚ್ಕೊಂಡೇ ತುಂಬ್ತೀರಂತೆ?" ಎಂದರು ಸುತ್ತೋಲೆ ಸಾಹೇಬರು.

"ಜನ ಏನೋ ಹೇಳ್ತಾರೆ ಸಾರ್," ಎಂದು ನಾಚಿಕೊಂಡು, ಕಣ್ಣು ಮುಚ್ಚಿದೆ.

ಕೈಯಲ್ಲಿದ್ದದ್ದು ಹನ್ನೊಂದನೇ ನಂಬರಿನ ರಿವಾಲ್ವರ್. ಅದು ನನ್ನ ಹೆಂಡತಿಯ ಅಣ್ಣನದು; ಅವರೂ ನಮ್ಮಲ್ಲೇ ಕಾವಲುಗಾರರು. ನಾನು ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಸಂಸ್ಥೆಯಲ್ಲಿ ಪ್ರಭಾವವಿಲ್ಲದ ಭಾವಂದಿರು ನಾವಿಬ್ಬರೇ.

ಮೇಜಿನ ಮೇಲೆ ಎರಡು ಬಟ್ಟಲು. ಒಂದರಲ್ಲಿ ಗಿಡ್ಡ, ದಪ್ಪ ತೋಟಾ. ಇನ್ನೊಂದರಲ್ಲಿ ಉದ್ದ, ಸಣಕಲು ತೋಟಾ. ಎರಡಕ್ಕೂ ಹೆಸರು ಮೂವತ್ತೆಂಟೇ. ಯಾವ ಪುಣ್ಯಾತ್ಮ ನಾಮಕರಣ ಮಾಡಿದನೋ. ಹೊಸ ರಿವಾಲ್ವರುಗಳೆಲ್ಲ ಉದ್ದದ್ದನ್ನು ತಿನ್ನುತ್ತವೆ. ಗಿಡ್ಡದ್ದನ್ನು ತಿನ್ನುವ ಮುದುಕಿ ಹನ್ನೊಂದನೆಯವಳೊಬ್ಬಳೇ. ಹಿಂದೆ ಯಾವನೋ ರಿಪೇರಿಯವನು ಅವಳ ಗೂಡುಗಳನ್ನು ಕೊರೆದು ಆಳ ಮಾಡಿರುವುದರಿಂದ ಉದ್ದದ್ದೂ ಒಳಗೆ ಕೂರುತ್ತದೆ, ಆದರೆ ಅಪ್ಪನ ಅಂಗಿ ತೊಟ್ಟ ಮಗನ ಹಾಗೆ. ಹಾರಿಸಿದರೆ ಹಿತ್ತಾಳೆ ಉಬ್ಬಿ ಸೀಳುತ್ತದೆ. ಗುಂಡು ನಳಿಗೆಯಲ್ಲಿ ತೂರಾಡಿಕೊಂಡು ಹೋಗಿ ಎಲ್ಲೋ ಬೀಳುತ್ತದೆ.

ಆರೂ ಎಲ್ಲೋ ಬಿದ್ದವು.

ಹದಿನೆಂಟು ವರ್ಷದಲ್ಲಿ ಒಂದು ಗುಂಡೂ ವೃತ್ತ ದಾಟಿಸದ ಭಾವ ಹಲಗೆಯನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿದರು. ಸುತ್ತೋಲೆ ಏನೋ ಬರೆದುಕೊಂಡರು. ನಾನು ಮೇಜಿನ ಹಿಂದೆ ಬಾಗಿ ರಿವಾಲ್ವರ್ ತೆರೆದೆ. ಐದು ತೋಟಾ ಬಟಾಣಿ ಸಿಪ್ಪೆಯ ಹಾಗೆ ಸೀಳಿಕೊಂಡು ಉದುರಿದವು. ಆರನೆಯದು ಗೂಡಿನಲ್ಲೇ ಕಚ್ಚಿಕೊಂಡಿತ್ತು. ನನಗೆ ಅರ್ಥವಾಯಿತು. ಹೇಳಲೆಂದು ಬಾಯಿ ತೆರೆದೆ, ಬಂದದ್ದು ಆಕಳಿಕೆ.

ಯಾರೋ ಬಟ್ಟಲು ಅದಲುಬದಲು ಮಾಡಿರಬೇಕು. ನನ್ನ ಅಂಗೈ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ.

ಈ ವರ್ಷದ ಡೈರಿಯ ಪುಟಗಳು ತೀರಾ ಚಿಕ್ಕವು. ಇಷ್ಟು ಬರೆಯುವಷ್ಟರಲ್ಲಿ ಏಳು ಪುಟ ಮುಗಿದವು.

ಮಾರ್ಚ್ ೪, ಮಂಗಳವಾರ

ನನ್ನ ಕೋಣೆಗೆ ಕಿಟಕಿಯಿಲ್ಲ. ಒಂದು ಕಬ್ಬಿಣದ ಬಾಗಿಲು, ಅದಕ್ಕೆರಡು ಬೀಗ, ಬೀಗಕ್ಕೊಂದು ಕೀಲಿ, ಆಮೇಲೆ ಕಂಬಿಬಲೆ ಬಡಿದ ಒಂದು ಕಿಂಡಿ. ಕಳ್ಳರು ಒಳಗೆ ಬರಬಾರದೆಂದು ಮಾಡಿದ ವ್ಯವಸ್ಥೆ. ಒಳಗಿರುವವನೇ ಕಳ್ಳನಾದರೆ ಇದಕ್ಕೆ ಇನ್ನೊಂದು ಹೆಸರಿದೆ.

ಬಾಗಿಲು ಹಾಕಿಕೊಂಡು ಆರನೇ ತೋಟಾದ ಜತೆ ಗುದ್ದಾಡಿದೆ. ಪೆನ್ಸಿಲಿನಿಂದ ನೂಕಿದೆ, ಪೆನ್ಸಿಲ್ ಮುರಿಯಿತು. ಎಣ್ಣೆ ಬಿಟ್ಟೆ, ಎಣ್ಣೆ ಕುಡಿದು ಕೂತಿತು. ಕಡೆಗೆ ಹನ್ನೊಂದನೆಯವಳನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಕೆಳಗಿನ ಅರೆಗೆ ತಳ್ಳಿ, ರಿಜಿಸ್ಟರಿನಲ್ಲಿ 'ದುರಸ್ತಿಯಲ್ಲಿದೆ' ಎಂದು ಬರೆದೆ. ರಿಜಿಸ್ಟರಿನ ಗೆರೆಗಳನ್ನು ಈಚೆಗೆ ಎಷ್ಟು ತೆಳ್ಳಗೆ ಅಚ್ಚು ಹಾಕುತ್ತಾರೆಂದರೆ ಇದೆಯೋ ಇಲ್ಲವೋ ಎಂದು ದೇವರೇ ಹೇಳಬೇಕು. ಶಾಯಿ ಉಳಿಸುವ ಹಂಚಿಕೆ.

ಮಧ್ಯಾಹ್ನ ಕಿಂಡಿಯಾಚೆ ಭಾವ ಬಂದು ನಿಂತರು. ಸೊಂಟದಲ್ಲಿ ರಿವಾಲ್ವರ್ ಇಲ್ಲದೆ ಒಂದು ಕಡೆಗೆ ವಾಲಿದ ಹಾಗೆ ಕಂಡರು. ಹದಿನೈದು ದಿನಕ್ಕೆ ಮರುಪರೀಕ್ಷೆ, ಅಲ್ಲಿಯವರೆಗೆ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆಯುವ ಕೆಲಸ. ಮರುಪರೀಕ್ಷೆಯಲ್ಲೂ ತಪ್ಪಿದರೆ ಮನೆ.

"ಹತ್ತು ಗಾಡಿ ನಂಬರ್ ಬರ್ದೆ ಭಾವ. ಹತ್ತೂ ಸರಿಯಾಗಿ ಕಾಣ್ತು. ಮತ್ತೆ ಆ ವೃತ್ತ ಯಾಕೆ ಕೈಕೊಡ್ತು?"

"ಲಾರಿ ದೊಡ್ಡದಲ್ವಾ," ಎಂದೆ. ತಮಾಷೆ ಎಂದುಕೊಂಡು ನಕ್ಕರು. ನನ್ನ ತಮಾಷೆಗೆ ಯಾವಾಗಲೂ ಮೊದಲು ನಗುವವರು ಅವರೇ.

ಮಾರ್ಚ್ ೬, ಗುರುವಾರ

ಭಾವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬಂತು. "ಅಣ್ಣನ ಜತೆ ನೀವೇ ಹೋಗಿ, ನಿಮ್ಮ ಮಾತು ಕೇಳಿದ್ರೆ ಅವನಿಗೆ ಧೈರ್ಯ," ಎಂದಳು ಇವಳು. ಬಸ್ಸಿನಲ್ಲಿ ಅವರು ಒಂದು ಕಣ್ಣು ಮುಚ್ಚಿ ಅಂಗಡಿಗಳ ಹೆಸರು ಓದುತ್ತಿದ್ದರು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅವೇ ಹೆಸರು. ಎದುರು ಸೀಟಿನ ಹೆಂಗಸು ತನಗೇ ಕಣ್ಣು ಹೊಡೆಯುತ್ತಿದ್ದಾರೆಂದು ಜಾಗ ಬದಲಿಸಿದಳು.

ಡಾಕ್ಟರು ಗೋಡೆಯ ಅಕ್ಷರಗಳನ್ನು ಓದಿಸಿದರು. ಭಾವ ಕಡೇ ಸಾಲು ಓದಿ, ಅದರ ಕೆಳಗೆ ಮುದ್ರಕರ ವಿಳಾಸವನ್ನೂ ಓದಿದರು. ಹತ್ತಿರದ್ದನ್ನು ಓದುವ ಚೀಟಿಯನ್ನೂ ಗಡಗಡ ಓದಿದರು.

"ಇದು ಗಿಡುಗನ ಕಣ್ಣು ಕಣ್ರೀ. ನನ್ನತ್ರ ಯಾಕ್ ಬಂದ್ರಿ?" ಎಂದರು ಡಾಕ್ಟರು.

ಚೀಟಿಯನ್ನು ಕುತೂಹಲಕ್ಕೆಂದು ನಾನೂ ಎತ್ತಿಕೊಂಡೆ. ಕೈ ಎಷ್ಟು ಚಾಚಿದರೂ ಸಾಲಲಿಲ್ಲ. ವಯಸ್ಸಾದಂತೆ ಮನುಷ್ಯನ ಕೈ ಗಿಡ್ಡವಾಗುತ್ತದೆಯೇ? ಯಾರಾದರೂ ಸಂಶೋಧನೆ ಮಾಡಬೇಕು.

"ನಿಮ್ದೂ ಒಂದ್ಸಲ ನೋಡ್ಲಾ?" ಎಂದರು ಡಾಕ್ಟರು.

"ನಮ್ಮದು ಕಣ್ಣು ಮುಚ್ಚಿ ಮಾಡೋ ಕೆಲಸ ಡಾಕ್ಟ್ರೇ," ಎಂದೆ. ಭಾವ ನನ್ನ ಬೆನ್ನು ತಟ್ಟಿ, "ಇವರ ವಿದ್ಯೆ ನೀವು ನೋಡ್ಬೇಕು!" ಎಂದು ಹೆಮ್ಮೆಪಟ್ಟರು.

ನಿಲ್ದಾಣದಲ್ಲಿ, ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಭಾವ ಅದರ ನಂಬರ್ ಹೇಳಿದರು. ಆಮೇಲೆ ಮೆಲ್ಲಗೆ, "ಕಣ್ಣೇ ಕೆಟ್ಟಿದ್ರೆ ಚೆನ್ನಾಗಿತ್ತು ಭಾವ. ಅದಕ್ಕೆ ಕನ್ನಡಕ ಸಿಗತ್ತೆ," ಎಂದರು.

ಮಾರ್ಚ್ ೮, ಶನಿವಾರ

ಸುತ್ತೋಲೆಯವರ ತರ್ಕ ಹೀಗಿದೆ. ಕಣ್ಣು ಚೆನ್ನಾಗಿದೆ, ಗುಂಡು ತಪ್ಪಿದೆ. ಅಂದರೆ ಕೈ ನಡುಗಿದೆ. ಬೆಳಗ್ಗೆ ಹತ್ತು ಗಂಟೆಗೆ ಕೈ ನಡುಗುತ್ತದೆಂದರೆ ಹಿಂದಿನ ರಾತ್ರಿ ಏನಾಗಿತ್ತು?

"ಹಿಂದಿನ ರಾತ್ರಿ ಗುಂಡು ಹಾಕಿದ್ರಾ?" ಎಂದು ಎಲ್ಲರ ಎದುರು ಕೇಳಿದರು.

ಭಾವನಿಗೆ ಅರ್ಥವೇ ಆಗಲಿಲ್ಲ. "ರಾತ್ರಿ ಗುಂಡು ಹಾರಿಸೋಕೆ ಬಿಡಲ್ಲ ಸಾರ್," ಎಂದರು. ನಾಲ್ಕು ಜನ ನಕ್ಕರು. ಬೇರೆ ದಿನವಾಗಿದ್ದರೆ ಇದನ್ನು ನಾನು ಒಂದು ತಿಂಗಳು ಹೇಳಿಕೊಂಡು ತಿರುಗುತ್ತಿದ್ದೆ. ನಗು ಯಾಕೆಂದು ತಿಳಿದಾಗ ಅವರ ಕಿವಿ ಕೆಂಪಾದದ್ದು ಕಿಂಡಿಯಿಂದಲೇ ಕಾಣಿಸಿತು. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವ ಮನುಷ್ಯ.

ನಾನು ಎದ್ದು ನಿಂತೆ. ಕೀಲಿಗೊಂಚಲು ಕೈಗೆತ್ತಿಕೊಂಡೆ. ಮೇಲಿನ ಬೀಗ ತೆರೆದೆ, ಕೆಳಗಿನ ಬೀಗ ತೆರೆಯಬೇಕೆಂದಿದ್ದೆ. ಕೀಲಿ ಬೀಗದ ಬಾಯಿಗೆ ಸಿಗಲೇ ಇಲ್ಲ. ಹುಡುಕುವಷ್ಟರಲ್ಲಿ ಎಲ್ಲರೂ ಚದುರಿದ್ದರು. ಬೀಗಗಳಿಗೂ ಈಚೆಗೆ ಬಾಯಿ ಚಿಕ್ಕದು.

ಮಾರ್ಚ್ ೯, ಭಾನುವಾರ

ಇವತ್ತು ಏನೂ ನಡೆಯಲಿಲ್ಲ. ಅದೇ ಹೆಚ್ಚು ಕಷ್ಟ.

ಮಾರ್ಚ್ ೧೨, ಬುಧವಾರ

ಸಂಜೆ ಭಾವ ಮನೆಗೆ ಬಂದಿದ್ದರು. ತಂಗಿಯಿಂದ ಒಂದು ತಂಬಿಗೆ ನೀರು ಇಸಿದುಕೊಂಡರು. ಕುಡಿಯಲಿಲ್ಲ. ಅಂಚಿನವರೆಗೆ ತುಂಬಿದ ತಂಬಿಗೆಯನ್ನು ಬಲಗೈಯಲ್ಲಿ ಹಿಡಿದು, ರಿವಾಲ್ವರ್ ಚಾಚಿದ ಹಾಗೆ ಗೋಡೆಗೆ ಚಾಚಿ ನಿಂತರು.

"ಏನಣ್ಣಾ ಇದು?"

"ಸುಮ್ನಿರು. ಎಣಿಸ್ತಾ ಇದೀನಿ."

ಮೂವತ್ತಕ್ಕೆ ಒಂದು ಹನಿ ಬಿತ್ತು. ಅವರ ವಯಸ್ಸಿನ ಯಾರ ಕೈಯಿಂದಲಾದರೂ ಬೀಳುತ್ತದೆ. ಆದರೆ ಆ ಹನಿಯನ್ನು ಅವರು ನೋಡಿದ ಮೇಲೆ ಎರಡನೆಯದು ಬಿತ್ತು, ಮೂರನೆಯದು ಬಿತ್ತು, ಆಮೇಲೆ ತಂಬಿಗೆಯೇ ತುಳುಕಿತು. ಮೂರನೇ ತಾರೀಕಿನ ಕೈ ಕಲ್ಲಿನ ಹಾಗಿತ್ತು. ಇವತ್ತಿನ ಕೈ ನಿಜಕ್ಕೂ ನಡುಗುತ್ತಿದೆ. ಸುತ್ತೋಲೆ ಬರೆದದ್ದನ್ನು ಭಾವನ ಕೈ ಓದಿಕೊಂಡು ಪಾಲಿಸುತ್ತಿದೆ.

ಇವಳು ನೆಲ ಒರೆಸುತ್ತ ನನ್ನ ಮುಖ ನೋಡಿದಳು. "ನೀವೇ ಅಲ್ವಾ ಅವತ್ತು ತುಂಬಿಕೊಟ್ಟಿದ್ದು? ಏನಾದ್ರೂ ಗೊತ್ತಾಗ್ಲಿಲ್ವಾ?"

"ನನಗೇನು ಗೊತ್ತಾಗತ್ತೆ? ನಾನು ಕಣ್ಣು ಮುಚ್ಚಿದ್ದೆ," ಎಂದೆ. ಪ್ರತಿವಾದಿಯ ಪರ ಇಷ್ಟು ಒಳ್ಳೆಯ ಸಾಕ್ಷ್ಯ ಇನ್ನೊಂದಿಲ್ಲ.

ಅವಳು ಸೂಜಿಗೆ ದಾರ ಪೋಣಿಸಿಕೊಡಿ ಎಂದು ಕೊಟ್ಟಳು. ಪೋಣಿಸಲಿಲ್ಲ. ಮನಸ್ಸು ಸರಿಯಿರಲಿಲ್ಲ. ಅವಳೇ ಇಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿದಳು.

ಮಾರ್ಚ್ ೧೪, ಶುಕ್ರವಾರ

ಇವತ್ತು ನಾನು ನನ್ನ ಜೀವಮಾನದ ಅತ್ಯುತ್ತಮ ಗದ್ಯ ಬರೆದೆ. ಭಾವನ ರಾಜೀನಾಮೆ.

"ಕಾಲೇಜು ಓದಿದೋರು ನೀವು. ಚೆನ್ನಾಗಿ ಬರ್ದುಕೊಡಿ. ಮರುಪರೀಕ್ಷೆಗೆ ನಾನು ನಿಲ್ಲಲ್ಲ. ಎಲ್ಲರೆದುರು ಇನ್ನೊಂದ್ಸಲ ತಪ್ಪಿ, ಕುಡುಕ ಅನ್ನಿಸ್ಕೊಂಡು ಹೋಗೋದಕ್ಕಿಂತ ನಾನೇ ಹೋಗ್ತೀನಿ," ಎಂದರು ಕಿಂಡಿಯಾಚೆಯಿಂದ.

ಕಿಂಡಿಯ ಈಚೆ ಕೂತು ಬರೆದೆ. ಎರಡೂ ಕೀಲಿ ನನ್ನ ಸೊಂಟದಲ್ಲೇ ಇದ್ದವು. ಆದರೂ ಅವರು ಹೊರಗೆ, ನಾನು ಒಳಗೆ. ಕಾರಣ ಎಂಬಲ್ಲಿ 'ವಯೋಸಹಜ ದೌರ್ಬಲ್ಯ' ಎಂದು ಹಾಕಿ ಓದಿದೆ.

"ವಯೋಸಹಜ ಅಂದ್ರೆ ಕುಡಿತ ಅಲ್ಲ ಅಂತ ಗೊತ್ತಾಗತ್ತಾ?"

"ಗೊತ್ತಾಗತ್ತೆ."

"ಇನ್ನೂ ಸ್ವಲ್ಪ ಬಿಡಿಸಿ ಬರೀರಿ ಭಾವ."

'ನಾನು ಎಂದೂ ಮದ್ಯ ಮುಟ್ಟಿದವನಲ್ಲ' ಎಂದು ಸೇರಿಸಿದೆ. ಅವರು ಕಾಗದವನ್ನು ಬಲೆಯ ಕೆಳಗಿನಿಂದ ಎಳೆದುಕೊಂಡು ಓದಿ, "ಮದ್ಯ ಅನ್ನೋದನ್ನ ಎರಡ್ಸಲ ಬರ್ದಿದೀರಿ. ಒಂದರ ಮೇಲೊಂದು ಬಿದ್ದಿದೆ," ಎಂದರು. ಪೆನ್ನು ಸರಿಯಿಲ್ಲ.

"ಸೋಮವಾರ ನೀವೇ ಸಾಹೇಬ್ರಿಗೆ ಕೊಡಿ. ನನಗೆ ಅವರ ಮುಖ ನೋಡಕ್ಕಾಗಲ್ಲ," ಎಂದು ರುಜು ಮಾಡಿ ಹಿಂದಕ್ಕೆ ತಳ್ಳಿದರು. ಜತೆಗೆ ರಿವಾಲ್ವರಿನ ಚರ್ಮದ ಚೀಲವನ್ನೂ ಕೊಟ್ಟರು. ಹೊಳೆಯುವ ಹಾಗೆ ಪಾಲಿಶ್ ಮಾಡಿದ್ದರು. ಹಿಂದಿರುಗಿಸುವ ವಸ್ತುವನ್ನು ಅಷ್ಟೊಂದು ಉಜ್ಜುವವರನ್ನು ನಾನು ಕಂಡಿಲ್ಲ.

ಮಾರ್ಚ್ ೧೫, ಶನಿವಾರ

ಖಾಲಿ ತೋಟಾಗಳನ್ನು ಅಟ್ಟದ ಮೇಲಿನ ಹಳೇ ಬೂಟಿನೊಳಗೆ ಇಟ್ಟಿದ್ದೆ. ಬೂಟು ಎಡಬಲ ಅದಲುಬದಲಾಗಿ ನಿಂತಿದೆ. ನಾನೇ ಹಾಗೆ ಇಟ್ಟಿರಬೇಕು. ಕೈ ಹಾಕಿ ನೋಡುವ ಧೈರ್ಯವಾಗಲಿಲ್ಲ.

ಇವಳು ಇವತ್ತು ನನ್ನ ಯಾವ ತಮಾಷೆಗೂ ನಗಲಿಲ್ಲ. ಮಾಡಿದ್ದೂ ಎರಡೇ.

ಮಾರ್ಚ್ ೧೭, ಸೋಮವಾರ

ರಾಜೀನಾಮೆಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಬೆಳಗ್ಗೆ ಕೊಡಬೇಕೆಂದಿದ್ದೆ, ಸಾಹೇಬರು ಸಭೆಯಲ್ಲಿದ್ದರು. ಹನ್ನೊಂದಕ್ಕೆ ಕೊಡಬೇಕೆಂದಿದ್ದೆ, ಸಭೆಯಲ್ಲಿರಲಿಲ್ಲ, ಆದರೂ ಕೊಡಲಿಲ್ಲ. ಊಟ ಮಾಡಿ ಕೊಡೋಣವೆಂದು ಬಾಗಿಲು ಹಾಕಿಕೊಂಡು ಡಬ್ಬಿ ತೆರೆದೆ.

ಊಟ ಇರಲಿಲ್ಲ. ಮಡಿಸಿದ ಕರವಸ್ತ್ರದ ಮೇಲೆ ಐದು ಖಾಲಿ ತೋಟಾ. ಇವಳು ತಿಕ್ಕಿ ತೊಳೆದು ಬೆಳಗಿದ್ದಳು. ಸೀಳುಗಳೆಲ್ಲ ಮೇಲ್ಮುಖವಾಗಿ ಬರುವ ಹಾಗೆ ಸಾಲಾಗಿ ಜೋಡಿಸಿದ್ದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಉಪವಾಸ ಕಳಿಸಿದ್ದು ಇದೇ ಮೊದಲು. ಹಸಿವಿರಲಿಲ್ಲ.

ಎರಡೂ ಬೀಗ ತೆರೆದು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಹನ್ನೊಂದನೆಯವಳನ್ನು ಹಿಡಿದುಕೊಂಡು ಸುತ್ತೋಲೆಯವರ ಕೋಣೆಗೆ ಹೋದೆ.

"ಊಟ ಆಯ್ತು ನನ್ದು," ಎಂದರು ಅವರು ಡಬ್ಬಿ ನೋಡಿ.

"ನೋಡಿ ಸಾರ್, ಸಾಕು."

ನೋಡಿದರು. ಹೇಳಿದೆ. ಬಟ್ಟಲು, ಗಿಡ್ಡ, ಉದ್ದ, ಆಕಳಿಕೆ, ಅರೆ, ಬೂಟು, ಎಲ್ಲ. ಗೇಟಿನಿಂದ ಭಾವನನ್ನು ಕರೆಸಿದರು. ಅವರ ಎದುರು ಇನ್ನೊಮ್ಮೆ ಹೇಳಬೇಕಾಯಿತು. ಮೊದಲ ಸಲ ಹೇಳಿದ ಮಾತುಗಳೇ ಎರಡನೇ ಸಲ ಬಾಯಿಗೆ ಸಿಗಲಿಲ್ಲ.

ಭಾವ ಒಂದು ತೋಟಾ ಎತ್ತಿ ಸೀಳಿನ ಉದ್ದಕ್ಕೂ ಉಗುರು ಆಡಿಸಿದರು. "ಹಂಗಾದ್ರೆ ನನ್ನ ಕೈ ಅಲ್ಲ?" ಎಂದರು.

"ಅಲ್ಲ ಭಾವ."

ಬೈಯಲಿಲ್ಲ. ರಿವಾಲ್ವರ್ ತೆಗೆದುಕೊಂಡು, ಗೂಡಿನೊಳಗೆ ಮರದ ಕಡ್ಡಿ ಇಟ್ಟು ಮೇಜಿನ ಮೇಲಿದ್ದ ಪೇಪರ್ ವೇಟಿನಿಂದ ಒಂದೇ ಏಟು ಹೊಡೆದರು. ಹದಿನಾಲ್ಕು ದಿನದಿಂದ ಕಚ್ಚಿಕೊಂಡಿದ್ದ ಆರನೆಯದು ಸಾಹೇಬರ ಲೋಟಕ್ಕೆ ಬಿತ್ತು. ರಾಜೀನಾಮೆಯನ್ನು ನನ್ನ ಜೇಬಿನಿಂದ ತಾವೇ ಎಳೆದುಕೊಂಡು ಎರಡು ಚೂರು ಮಾಡಿದರು.

"ಚೆನ್ನಾಗಿ ಬರ್ದಿದ್ರಿ," ಎಂದಷ್ಟೇ ಹೇಳಿ ಗೇಟಿಗೆ ಹೋದರು.

ಮಾರ್ಚ್ ೧೮, ಮಂಗಳವಾರ

ರಿಪೇರಿಯವನು ಬೆಳಗ್ಗೆಯೇ ಬಂದು ಹನ್ನೊಂದನೆಯವಳ ಗೂಡು, ನಳಿಗೆ ಎಲ್ಲ ಅಳೆದು, ಮುದುಕಿ ಗಟ್ಟಿಗಿತ್ತಿ ಎಂದು ಹೇಳಿ ಹೋದ. ಹತ್ತು ಗಂಟೆಗೆ ಮರುಪರೀಕ್ಷೆ. ಅದೇ ಬಯಲು, ಅದೇ ಮೇಜು, ಅವೇ ಎರಡು ಬಟ್ಟಲು.

ಸುತ್ತೋಲೆ ರಾತ್ರಿಯೆಲ್ಲ ನಿಯಮ ಹುಡುಕಿದ್ದರೆಂದು ಕಾಣುತ್ತದೆ. "ಶೋಕಿಗಾಗಿ ಕಣ್ಣು ಮುಚ್ಚಿ ತುಂಬಿದ ನಿರ್ಲಕ್ಷ್ಯ ಅಂತ ಬರ್ದಿದೀನಿ. ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸ್ತೀನಿ. ಇನ್ಮೇಲೆ ಕಣ್ಣು ಬಿಟ್ಕೊಂಡು ತುಂಬಿ, ಅಷ್ಟೇ," ಎಂದರು. ಇಷ್ಟು ಅಗ್ಗವಾಗಿ ಬಿಡುಗಡೆಯಾಗುತ್ತದೆಂದು ನಾನು ಎಣಿಸಿರಲಿಲ್ಲ. ಕೀಲಿಗಳು ನನ್ನ ಸೊಂಟದಲ್ಲೇ ಉಳಿದವು. ಕೀರ್ತಿಯೂ ಉಳಿಯಿತು, ಕಣ್ಣು ಮುಚ್ಚಿ ತುಂಬುವವನು ಒಮ್ಮೆ ಎಡವಿದ, ಅಷ್ಟೇ ತಾನೆ?

"ಭಾವನೇ ತುಂಬಿಕೊಡ್ಲಿ," ಎಂದರು ಭಾವ. ಎಲ್ಲರಿಗೂ ಕೇಳುವ ಹಾಗೆ, ಬೇಕೆಂದೇ ಹೇಳಿದರು. ಅದು ನನಗೆ ಕೊಟ್ಟ ಮರ್ಯಾದೆ.

ಹನ್ನೊಂದನೆಯವಳನ್ನು ಕೈಗೆತ್ತಿಕೊಂಡೆ. ಬಟ್ಟಲುಗಳ ಮೇಲೆ ಬಾಗಿ ಕಣ್ಣು ಅಗಲಿಸಿ ನೋಡಿದೆ. ಎರಡು ಬಟ್ಟಲಲ್ಲೂ ಒಂದೇ ಹಳದಿ ಮಬ್ಬು. ಒಂದು ತೋಟಾ ಎತ್ತಿ ಕಣ್ಣ ಹತ್ತಿರ ತಂದೆ, ದೂರ ಒಯ್ದೆ. ಅಂಗೈಯಲ್ಲಿ ತೂಗಿದೆ. ಅಂಗೈ ಏನೂ ಹೇಳಲಿಲ್ಲ. ಗಿಡ್ಡವೇ ಇರಬಹುದು. ಅರ್ಧಕ್ಕರ್ಧ ಸಂಭವ. ಎಲ್ಲರೂ ಕಾಯುತ್ತಿದ್ದರು. ಹದಿನೈದು ಹೆಜ್ಜೆ ಆಚೆ ಹಲಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ.

"ಭಾವ," ಎಂದೆ. "ಇದ್ಯಾವುದು?"

"ಉದ್ದದ್ದು," ಎಂದರು ನಾಲ್ಕು ಹೆಜ್ಜೆ ದೂರದಿಂದಲೇ.

ರಿವಾಲ್ವರನ್ನು ಅವರ ಕೈಗೆ ಕೊಟ್ಟೆ. "ನೀವೇ ನೋಡಿ ತುಂಬ್ಕೊಳ್ಳಿ."

ಅವರು ಹತ್ತಿರ ಬಂದು ಗಿಡ್ಡ ತೋಟಾ ಒಂದೊಂದೇ ಎತ್ತಿ ಇಡುತ್ತ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದರು: "ಒಂದು ಮಾತು ಹೇಳ್ಲಾ ಭಾವ? ನೀವು ಕಣ್ಣು ಮುಚ್ಕೊಂಡು ತುಂಬುವಾಗ ನಿಮ್ಮ ಎಡಗಣ್ಣಿನ ರೆಪ್ಪೆ ಯಾವಾಗ್ಲೂ ಒಂಚೂರು ತೆರ್ದಿರತ್ತೆ. ಹದಿನೆಂಟು ವರ್ಷದಿಂದ ನೋಡ್ತಿದೀನಿ. ಅವತ್ತೂ ತೆರ್ದಿತ್ತು. ಹೆಂಗೂ ಕದ್ದು ನೋಡ್ಕೊಂಡೇ ತುಂಬಿದಾರೆ, ಅದ್ರಲ್ಲಿ ತಪ್ಪಿರಲ್ಲ, ತಪ್ಪು ನನ್ದೇ ಅಂದ್ಕೊಂಡೆ."

ಆರನೇ ಗೂಡು ತುಂಬಿ, ಹೋಗಿ ನಿಂತು, ಹಾರಿಸಿದರು. ಐದನೆಯದು ವೃತ್ತದ ಗೆರೆಯ ಮೇಲೆ ಬಿತ್ತು, ಉಳಿದವೆಲ್ಲ ನಡುವೆ. ಯಾರೋ ಚಪ್ಪಾಳೆ ತಟ್ಟಿದರು. ಭಾವ ತಮ್ಮ ಕೈಯನ್ನು ನೋಡಿಕೊಂಡು, ಎಷ್ಟೋ ದಿನದ ಮೇಲೆ ಸಿಕ್ಕ ನೆಂಟನ ಹಾಗೆ ಇನ್ನೊಂದು ಕೈಯಿಂದ ಸವರಿದರು.

ಸುತ್ತೋಲೆ ನನ್ನ ಮುಂದೆ ಎಚ್ಚರಿಕೆ ಪತ್ರ ಇಟ್ಟರು. 'ಕಣ್ಣು ಮುಚ್ಚಿ' ಎಂದಿರುವ ಮಾತು ಯಾವ ಸಾಲಿನಲ್ಲಿದೆ ಎಂದು ಕೇಳಿದೆ. ಯಾಕೆ ಎಂದರು. ಹೊಡೆದುಹಾಕಬೇಕು ಸಾರ್, ಎಂದೆ. ನಾನು ಯಾವತ್ತೂ ಕಣ್ಣು ಮುಚ್ಚಿ ತುಂಬಿದವನಲ್ಲ. ಇಪ್ಪತ್ತೆರಡು ವರ್ಷವೂ ಕದ್ದು ನೋಡುತ್ತಿದ್ದೆ. ಅವತ್ತೂ ನೋಡಿದೆ. ಕಾಣಲಿಲ್ಲ.

ಸಾಹೇಬರು ಕೈ ಚಾಚಿದರು. ಕೀಲಿಗೊಂಚಲು ಬಿಚ್ಚಿ ಕೊಟ್ಟೆ. ರುಜು ಎಲ್ಲಿ ಹಾಕಬೇಕೆಂದು ನಾನು ಕಾಗದದ ಮೇಲೆ ಪೆನ್ನು ಹಿಡಿದು ಹುಡುಕುತ್ತಿದ್ದಾಗ, ಭಾವ ಹಿಂದಿನಿಂದ ಬಾಗಿ, ಸ್ವಲ್ಪವೂ ನಡುಗದ ಬೆರಳನ್ನು ಗೆರೆಯ ಮೇಲಿಟ್ಟು, "ಇಲ್ಲಿ ಭಾವ," ಎಂದರು.